ಗುಮಾನಿ ಅಷ್ಟೆ

“ಹಲೋ... ಯಾರು ಮಾತಾಡ್ತಿರೋದು? ಒಸಿ ಗಟ್ಟಿಯಾಗಿ ಹೇಳಿ... ಹಾಂ, ಬೈರಮ್ಮನೇ. ಕೂಟಗಲ್‌ನಿಂದ್ಲೇ.”

ತವರೂರಿನ ಶರೀಫನ ಅಂಗಡಿಯ ಫೋನಿನಲ್ಲಿ ಗಂಡನ ದನಿ ಕೇಳಿದ್ದೇ ಬೈರಮ್ಮ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ಅಪ್ಪ ತೀರಿಕೊಂಡ ವಾರದಲ್ಲೇ, ಗಂಡನ ಮನೆಯವರು ರೇಷ್ಮೆ ಹುಳು ಸತ್ತ ತಪ್ಪನ್ನು ಅವಳ ತಲೆಗೆ ಕಟ್ಟಿ ತವರಿಗೆ ಅಟ್ಟಿದ್ದರು. ಆಮೇಲೆ ಅವನು ಮಾತಾಡುತ್ತಿರುವುದು ಇದೇ ಮೊದಲು.

“...ಊಟ ಆಯ್ತು. ಅದನ್ನ ಕೇಳಕ್ಕೆ ಫೋನ್ ಮಾಡ್ಲಿಲ್ಲ, ಅಲ್ವಾ? ವಿಷ್ಯ ಹೇಳಿ.”

“...ಯಾರು ಬಂದಿದ್ರು? ರೇಷ್ಮೆ ಇಲಾಖೆಯೋರಾ?... ಹಾಂ... ಪಕ್ಕದ ತೋಟದ ದೊಡ್ಡಹನುಮಯ್ಯ ಟೊಮೇಟೊಗೆ ಹೊಡ್ದ ಔಷ್ದಿ ನಮ್ ಹಿಪ್ಪುನೇರ್ಳೆ ಸೊಪ್ಪಿನ ಮ್ಯಾಲೆ ಬಿದ್ದಿತ್ತಾ? ಅದನ್ನ ತಿಂದೇ ಹುಳ ಸತ್ವಾ?”

“...ಹಂಗಾದ್ರೆ ನನ್ ಮೈಲಿಗೆ ತಟ್ಟಿ ಸಾಯ್ಲಿಲ್ಲ.”

“...ಏನಂದ್ರಿ? ಇನ್ನೊಂದ್ಸಲ ಹೇಳಿ... ಅವತ್ತು ನಿಮ್ಗಿದ್ದಿದ್ದು ಬರೀ ಗುಮಾನಿನಾ? ಗುಮಾನಿ ಅಂದ್ರೆ ಏನು? ಹಂಗಿರ್ಬೌದು, ಹಿಂಗಿರ್ಬೌದು ಅಂತ ಮನ್ಸಲ್ಲಿ ಅಂದ್ಕೊಳ್ಳೋದು ತಾನೆ? ಕದ್ದು ಅಪ್ಪನ ಮಣ್ಣಿಗೆ ಹೋಗಿ ಬಂದು, ಮೈ ತೊಳೀದೆ ಹುಳ ಮುಟ್ಟಿದ್ಲು ಅಂತ ಅತ್ತೆ ಬೀದೀಲಿ ನಿಂತು ಕೂಗ್ವಾಗ, ಇರ್ಬೌದು ಅನ್ನೋ ಮಾತೆಲ್ಲಿತ್ತು? ನೀವೂ ಪಕ್ದಲ್ಲೇ ಇದ್ರಿ.”

“...ಅಪ್ಪ ಸತ್ತ ದಿನ ತೋಟಕ್ಕೋದವ್ಳು ತಡವಾಗಿ ಬಂದೆ, ದಿಟ. ಸೊಪ್ಪಿನ ಸಾಲಲ್ಲಿ ಕೂತು ಅಳ್ತಿದ್ದೆ. ಮನೇಲಿ ಅಳಕ್ಕೆ ಜಾಗ ಎಲ್ಲಿತ್ತು?”

“...ಇಲ್ಲ, ನಾನು ಹೋಗೇ ಇರ್ಲಿಲ್ಲ. ಹುಳ ಗೂಡು ಕಟ್ಟೋಕ್ಮುಂಚೆ ಜೋರಾಗಿ ತಿನ್ನೋ ಹೊತ್ತು, ಸಾವಿನ ಮನೆಗೆ ಹೋದ್ರೆ ಮತ್ತೆ ಹುಳಿನ ಮನೆಗೆ ಕಾಲಿಡಂಗಿಲ್ಲ, ಸೊಪ್ಪು ಹಾಕೋರ್ಯಾರು ಅಂದ್ರಿ. ಉಳ್ಕೊಂಡೆ. ಇಲ್ಲಿ ಮಗಳು ಬತ್ತಾಳೆ ಅಂತ ಹೊತ್ತು ಮುಳುಗೋಗಂಟ ಮಣ್ಣು ಮಾಡ್ದೆ ಕಾದಿದ್ರಂತೆ... ನಾನು ಬಂದಿದ್ನಾ ಅಂತ ನಮ್ಮವ್ವನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?”

“...ಅಳ್ಬೇಡಿ.”

“...ಯಾವಾಗ? ನಾಳೆ ಬಸ್ಸಿಗೇ ಬತ್ತೀರಾ, ಕರ್ಕೊಂಡೋಗಕ್ಕೆ?... ಏನ್ ಕೇಳಿದ್ರೂ ಮಾಡ್ತೀರಾ? ದಿಟವಾಗ್ಲೂ?”

ಬೈರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅವನು ಕೆಟ್ಟವನಲ್ಲ ಎಂದು ಅವಳಿಗೆ ಗೊತ್ತಿತ್ತು.

“ಹಂಗಾದ್ರೆ ನಮ್ಮಪ್ಪನ ಮಕ ಒಂದ್ಸಲ ತೋರ್ಸಿ, ಬತ್ತೀನಿ... ಹಲೋ?... ಕೇಳಿಸ್ತಾ?... ಹಲೋ...”

ಲೈನ್ ಕಟ್ಟಾಗಿತ್ತು. ಅವನೇ ಇಟ್ಟನೋ, ಲೈನೇ ಹೋಯಿತೋ, ಗುಮಾನಿ ಪಡಲು ಬೈರಮ್ಮನಿಗೆ ಮನಸ್ಸಾಗಲಿಲ್ಲ.