ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ

ಆಸ್ಪತ್ರೆಯ ತುಂಬಿದ ಬೆಂಚಿನಲ್ಲಿ ಕಾಯುತ್ತಿದ್ದ ಗಡಿಯಾರ ರಿಪೇರಿಯವನಿಗೆ ಪಕ್ಕದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕ ಇಸ್ತ್ರಿ ಅಂಗಡಿಯವಳು. ಪದೇ ಪದೇ ಕೆಟ್ಟು ರಿಪೇರಿಗೆ ಒಯ್ಯಬೇಕಾಗುತ್ತಿದ್ದ ಇಸ್ತ್ರಿ ಪೆಟ್ಟಿಗೆಯ ಚೀಲವನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು. ತಂಗಿ ನರಗಳ ಸಂಶೋಧನೆ ನಡೆಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು.

“ಇವತ್ತೂ ಬಿಪಿ ಜಾಸ್ತಿ ಬಂದ್ರೆ ಮಾತ್ರೆ ಡಬಲ್ ಮಾಡ್ತಾರಂತೆ ಕಣೇ.”

“ಹೋದ್ಸಲ ಬಿಪಿ ನೋಡಿದಾಗ್ಲೂ ಚೀಲ ಹಿಡ್ಕೊಂಡೇ ಕೂತಿದ್ದೆಯಾ?”

“ಮತ್ತಿನ್ನೇನು? ಮಡಿಲಲ್ಲಿಟ್ರೆ ಬಟ್ಟೆಯೆಲ್ಲಾ ಮಸಿ. ಅನ್ನ ಕೊಡೋ ಸಾಮಾನನ್ನ ಚಪ್ಪಲಿ ತುಳಿಯೋ ನೆಲದ ಮೇಲೆ ಇಡ್ತಾರಾ?”

“ಅಯ್ಯೋ ಅಕ್ಕಾ! ಭಾರ ಹಿಡಿದು ಬಿಗಿದ ಸ್ನಾಯು ಬೆನ್ನುಹುರಿಗೆ ಸುದ್ದಿ ಕಳಿಸುತ್ತೆ. ಅಲ್ಲಿ ನರದ ತುದಿಯಿಂದ ಒಂದು ರಾಸಾಯನಿಕ ಜಿನುಗಿ, ಆ ಸುದ್ದೀನ ಮುಂದಿನ ನರಕ್ಕೆ ದಾಟಿಸುತ್ತೆ. ಆಮೇಲೆ ಎದೆ ಜೋರಾಗಿ ಬಡ್ಕೊಳ್ಳುತ್ತೆ, ಬಿಪಿ ಏರುತ್ತೆ.”

“ನನ್ನನ್ನ ಒಂದು ಮಾತೂ ಕೇಳ್ದೆ?”

“ನಿನ್ನ ಕೇಳ್ತಾ ಕೂತ್ರೆ ಭಾರ ಹಿಡಿದ ಕೈಗೆ ರಕ್ತ ಸಾಲೋದು ಹೇಗೆ?”

“ಆ ರಾಸಾಯನಿಕ ಕಮ್ಮಿ ಜಿನುಗಿದ್ರೆ?”

“ಬಿಪಿನೂ ಕಮ್ಮಿ ಏರಬಹುದು. ನಮ್ಮ ಲ್ಯಾಬಲ್ಲಿ ಅದನ್ನೇ ನೋಡ್ತಿರೋದು.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅಕ್ಕ ಗಡಿಯಾರದವನತ್ತ ತಿರುಗಿದಳು.

“ಅಣ್ಣಾ, ಸ್ವಲ್ಪ ಹಿಡ್ಕೊಂಡಿರಿ. ಕೆಳಗೆ ಮಾತ್ರ ಇಡ್ಬೇಡಿ.”

ಚೀಲವನ್ನು ಅವನ ಕೈಗೆ ತುರುಕಿ ಇಬ್ಬರೂ ಒಳಗೆ ಹೋದರು. ಅದು ಕಲ್ಲಿನಂತೆ ಭಾರವಿತ್ತು. ಬಿಪಿ ನೋಡಿಸಿಕೊಳ್ಳಲು ಮುಂದಿನ ಸರದಿ ಅವನದೇ ಆಗಿತ್ತು.