ದಾರಿ ಬರೆಯದ ಬೆಟ್ಟ

ಡಾಟ್‌ಕಾಮ್ ಸುಗ್ಗಿ ಮುಗಿಯುತ್ತ ಬಂದಿದ್ದ ಆ ಚಳಿಗಾಲ ಕ್ಯಾಲಿಫೋರ್ನಿಯಾದಲ್ಲೂ ಸರದಿ ಮೇಲೆ ಕರೆಂಟು ತೆಗೆಯುತ್ತಿದ್ದರು. ಅಂಥದೊಂದು ಮಳೆಯ ಸಂಜೆ ಮಿಲ್ಪಿಟಾಸಿನಲ್ಲಿ, ಶಶಿಧರನ ಟೌನ್‌ಹೌಸಿನೊಳಗೆ, ಆಫೀಸಿನವರೆಲ್ಲ ಮೇಣದಬತ್ತಿಯ ಸುತ್ತ ಕೂತಿದ್ದೆವು. ಗೋಡೆಯ ಮೇಲೆ ಹಿಮಬೆಟ್ಟದ ದೊಡ್ಡ ಚಿತ್ರ. ಬರೆದವರು ಶಶಿಧರನ ಮಾವ ವಿರುಪಾಕ್ಷಪ್ಪ, ಬಾಗಲಕೋಟೆ ಕಡೆಯವರು, ಮಿಲಿಟರಿಯಲ್ಲಿದ್ದವರು. ಬೆಟ್ಟದಲ್ಲಿ ಒಬ್ಬ ಮನುಷ್ಯನೂ ಇಲ್ಲವಲ್ಲ ಅಂಕಲ್ ಅಂದೆ. ಅವರು ಚಾದರ ಎಳೆದುಕೊಂಡು ನೆಟ್ಟಗೆ ಕೂತರು.

"ಇದ್ದ ತಮ್ಮಾ... ಒಬ್ಬಾಂವ ಇದ್ದ. ಕೇಳ್ರಿ ಹಂಗಾರ. ಗಡಿಯೊಳಗ ನಮ್ಮ ಪಲ್ಟನ್ ಇದ್ದಾಗ ಬೋರ್ಡು ಬರಿಯೂ ಕೆಲಸ ನಂದು. ಮೆಸ್ಸಿಗೆ ಬೆಟ್ಟದ ಚಿತ್ರ ಬೇಕು ಅಂದ್ರು ಸಾಹೇಬ್ರು, ಆದ್ರ ಹುಕುಂ ಏನು? ಬೆಟ್ಟ ಬರಿ, ಹಿಮ ಬರಿ... ದಾರಿ ಬರೀಬ್ಯಾಡ, ಚೌಕಿ ಬರೀಬ್ಯಾಡ, ವೈರಿ ಕಣ್ಣಿಗೆ ಬಿದ್ರ ಮುಗೀತು. ಹಂಗ ಬರದು ಬರದು ಕೈಗೆ ರೂಢಿ ಆತು, ದಾರಿ ಇದ್ದಲ್ಲಿ ಕುಂಚ ತಾನ ಜಿಗದು ಮುಂದ ಹೋಗೂದು.

ನನ್ನ ಗೆಳೆಯ ಸಿದ್ರಾಮಪ್ಪ, ಗೋಕಾಕದಾಂವ. ರೊಟ್ಟಿ ಬಡದಿಡು, ಇಳದು ಬಂದು ಉಣ್ತೀನಿ ಅಂತ ಹೇಳಿ ಮ್ಯಾಲಿನ ಚೌಕಿಗೆ ಕಾವಲಿಗೆ ಹೋದ. ಬರೂ ಮುಂದ ಹಿಮ ಜರದು ಬಿತ್ತು... ಹೆಣಾನೂ ಸಿಗಲಿಲ್ಲ. ಆ ರೊಟ್ಟಿ ಇನ್ನೂ ನನ್ನ ಗಂಟಲದಾಗ ಐತಿ.

ಇಲ್ಲಿಗೆ ಬಂದ ಮ್ಯಾಲ ಮಗಳು ಅಳಿಯ ಆಫೀಸಿಗೆ ಹೋದ್ರ ನನಗೇನು ಕೆಲಸ? ಅದ ಬೆಟ್ಟ ಬರದೆ. ಮರುದಿನ ತುದಿಯೊಳಗ ಒಂದು ಕರಿ ಚುಕ್ಕಿ. ನೊಣ ಅಂತ ಒರಸಿದೆ, ಹೋಗಲಿಲ್ಲ. ದಿನಾ ದಿನಾ ಅದಕ್ಕ ಕಾಲು ಬಂದ್ವು, ಕೋಟು ಬಂತು... ಕೆಳಗ ಇಳಿಯಾಕತ್ತು. ಅರ್ಧ ಬೆಟ್ಟಕ್ಕ ಬಂದು ನಿಂತು ಬಿಡ್ತು. ಎಡಕ್ಕ ಹೊಳ್ಳೂದು, ಬಲಕ್ಕ ಹೊಳ್ಳೂದು, ಮತ್ತ ಅಲ್ಲೇ ನಿಲ್ಲೂದು. ಯಾಕ? ದಾರಿನ ಇಲ್ಲಲ್ರೀ... ನಾ ದಾರಿ ಬರದ್ರ ತಾನ ಅಂವ ಇಳಿಯೂದು?

ಅಂಜಿಕಿ ಬರಲಿಲ್ಲ ಅಂತೀರೇನು? ಬಂತು, ಆದ್ರ ದೆವ್ವಕ್ಕಲ್ಲ, ಹುಕುಮಿಗೆ. ದಾರಿ ಬರದ್ರ ಏನಾದೀತು ಅಂತ ಕೇಳಿದ್ರ ಅಳಿಯ ನಕ್ಕ, ಮಿಲ್ಪಿಟಾಸಿನಾಗ ಯಾವ ವೈರಿ ಮಾವಾ ಅಂತ. ಅವಗೇನು ಗೊತ್ತು, ಕೈ ಎತ್ತಿದ್ರ ಕೈ ಏಳವಲ್ದು. ಕಡೀಕ ಎಡಗೈಲೆ ಬಲಗೈ ಹಿಡದು ಎಳದೆ ನೋಡ್ರಿ, ದಾರಿ... ಚೌಕಿಯಿಂದ ತಿರುವು, ತಿರುವಿನಿಂದ ಹಳ್ಳ ದಾಟೂ ಕಟ್ಟಿಗಿ ಪೂಲು, ಪೂಲಿನಿಂದ ಸೀದಾ ಚೌಕಟ್ಟಿನ ಕೆಳಗಿನ ಅಂಚಿನ ತನಕ. ಕೂಗಿ ಹೇಳಿದೆ, ಇಳಿಯೋ ಸಿದ್ರಾಮಾ, ದಾರಿ ಐತಿ ಅಂತ.

ಮರುದಿನ ಚಿತ್ರದಾಗ ದಾರಿ ಅಷ್ಟ, ಅಂವ ಇಲ್ಲ. ಗೋಡಿ ಬುಡಕ್ಕ ಕಾರ್ಪೆಟ್ ಹಸಿ, ಬೂಟಿನ ಗುರ್ತು. ನಾ ಅತ್ತೆ, ನಕ್ಕೆ, ರೊಟ್ಟಿ ಬಡದೆ. ಅಷ್ಟು ವರ್ಷ ಅವನ್ನ ಹಿಡಕೊಂಡಿದ್ದ ಆ ಬೆಟ್ಟ ಸೋತಿತು, ನಾವಿಬ್ರೂ ಗೆದ್ವಿ. ಅವತ್ತಿಂದ ಊಟಕ್ಕ ಎರಡು ತಾಟು ಹಚ್ಚತೀನಿ, ಎರಡೂ ಖಾಲಿ ಆಗ್ತಾವ.

ಈಗ ಎಲ್ಲಿ ಅದಾನ ಅಂತೀರಿ?... ತಮ್ಮಾ, ಸ್ವಲ್ಪ ಬಲಕ್ಕ ಸರಿ. ಬತ್ತಿ ಹಚ್ಚಿದಾಗಿಂದ ಅಂವ ನಿನ್ನ ಮಗ್ಗಲಾಗ ಮುದುಡಿ ಕುಂತಾನ, ಜಾಗ ಸಾಲವಲ್ದು. ನಿನ್ನ ಎಡಗೈ ಆಗಲೇ ತಣ್ಣಗಾಗಿರಬೇಕಲ್ಲ?"