ಒಲೆ ಮೇಲೆ ಜೀರೋ ಬಲ್ಬು

ಅಲ್ಲ ಕಣ್ಲಾ ಮಾದೇಶ, ಅದು ಅಲ್ಲಿಗಲ್ಲ! ಟ್ಯೂಬ್‌ಲೈಟು ಊಟದ ಮೇಜಿನ ಮೇಲಕ್ಕೆ. ನಿಮ್ಮಕ್ಕ ಒರೆಸ್ತಾವ್ಳಲ್ಲ, ಆ ಗಾಜಿನ ಬುರುಡೆ ಲೈಟು ಎರಡೂ ಅಲ್ಲಿಗೇ. ಒಲೆ ಮೇಲಕ್ಕೆ ಈ ಜೀರೋ ಬಲ್ಬು. ...ಏನು ಅಂಗ್ ನೋಡ್ತೀಯ? ಜೀರೋ ಬಲ್ಬೇ. ಹಾಕು, ಹೊತ್ತು ಮುಳುಗ್ತಾ ಬಂತು.

ಬಾಮೈದ ಅಂತ ನಿನ್ನ ಕರೆಸ್ದೆ ನೋಡು, ನಂದೇ ತಪ್ಪು. ಬೇರೆ ಎಲೆಕ್ಟ್ರಿಷಿಯನ್ ಆಗಿದ್ರೆ ಇಷ್ಟೊತ್ಗೆ ಹೇಳ್ದಂಗೆ ಹಾಕಿ ಬೀಡಿ ಸೇದ್ತಿದ್ದ.

ಆ ಹುಣಸೂರಿನ ಎಂಜಿನಿಯರ್ ಮಾತು ಬುಡು. ಅಡ್ಗೆಮನೆಗೂ ಊಟದ ಹಾಲ್‌ಗೂ ನಡುವೆ ಗೋಡೆ ಬ್ಯಾಡ, ಓಪನ್ ಕಿಚನ್ನು, ಈಗೆಲ್ಲ ಅಂಗೇ ಅಂದ. ನಾನು ಹೊಗೆಸೊಪ್ಪು ಬೇಯಿಸೋ ಬ್ಯಾರನ್‌ಗೆ ಸೊಪ್ಪು ತುಂಬಿ ಬೆಂಕಿ ಹಾಕೋ ಗಡಿಬಿಡೀಲಿ ಹೂಂ ಅಂದ್‌ಬುಟ್ಟೆ. ಬಂದ್ ನೋಡ್ತೀನಿ, ಗೋಡೆನೇ ಇಲ್ಲ! ಉಣ್ಣಾಕೆ ಕುಂತೋರಿಗೆ ಒಲೆ ಮುಂದೆ ಯಾರವ್ರೆ ಅಂತ ನೆಟ್ಟಗೆ ಕಾಣ್ತದೆ. ಈಗ ಲೈಟೆಲ್ಲ ಒಂದೇ ತರ ಜೋಡಿಯಾಗಿರ್ಬೇಕಂತೆ. ಅವೇನು ಎತ್ತುಗಳಾ, ಜೋಡಿ ನೋಡಾಕೆ?

ಯಾಕ್ಲಾ ನಗ್ತೀಯ? ನಿಮ್ಮಕ್ಕನ್ನೇ ಕೇಳು. ಸುನಂದಾ, ಒಲೆ ತಾವ ಮಬ್ಬು ಬೆಳಕೇ ತಾನೆ ನಿಂಗಿಷ್ಟ? ...ನೋಡು, ತಲೆ ಆಡಿಸಿದ್ಳು. ಹೂಂ ಅಂತಾನೇ ಆಡಿಸಿದ್ದು ಕಣ್ಲಾ!

ನಾಳೆ ಗೃಹಪ್ರವೇಶ, ಬೆಳಗ್ಗೆ ಕತ್ಲಲ್ಲೇ ಹಾಲುಕ್ಕಿಸ್ಬೇಕು. ಮನೆಯೊಡತಿ ಒಲೆ ಹಚ್ಚಿ ಉಕ್ಕಿಸೋದು ಪದ್ಧತಿ. ಗಾವಡಗೆರೆಯಿಂದ ನಿಮ್ಮ ಮನೆಯೋರೆಲ್ಲ ನಿಂತ್ಕಂಡ್ ನೋಡ್ತಾರೆ, ನಿಮ್ಮವ್ವ ತಿಮ್ಮಮ್ಮನೋರೇ ಮುಂದೆ. ಅದುಕ್ಕೇ... ಅದುಕ್ಕೇ ಮೇಜಿನ ಮೇಲೆ ಜಗಜಗ ಬೆಳಕು. ಜನ ಬೆಳಕಿದ್ದ ಕಡೆ ನೋಡ್ತಾರೆ, ಒಲೆ ಕಡೆ ನೋಡಾಕಿಲ್ಲ. ...ಅಂದ್ರೆ, ಚೆಂದ ಕಾಣ್ತದೆ ಅಂತ!

ಏನು? ಮಬ್ಬಲ್ಲಿ ಸಾಸಿವೆ ಸಿಡಿಯೋದು ಎಂಗ್ ಕಾಣ್ತದೆ ಅಂತೀಯಾ? ಕಿವಿ ಇಲ್ವಾ? ಚಟಪಟ ಅನ್ನೋದು ನಿಂತ ತಕ್ಷಣ ಕರಿಬೇವು ಹಾಕೋದು. ಅಳತೆ ಕೈಗೇ ಗೊತ್ತಿರ್ತದೆ. ನಾನು ಕಣ್ಮುಚ್ಕಂಡೇ ಉಪ್ಪು... ಅವ್ಳು! ಅವ್ಳು ಅಂದೆ. ನಿಮ್ಮಕ್ಕ ಕಣ್ಮುಚ್ಕಂಡೇ ಉಪ್ಪು ಹಾಕ್ತಾಳೆ. ಹೋದ್ಸಲ ಬಸ್ಸಾರು ಉಂಡು, "ನಮ್ಮಕ್ಕನ ಕೈ ಅಂದ್ರೆ ನಮ್ಮವ್ವನ ಕೈ" ಅಂತ ಬೆರಳು ನೆಕ್ಕಿದ್ಯಲ್ಲ, ನಾನೇನಾರ ಅಂದ್ನಾ? ಇನ್ನೊಂದ್ ಸೌಟು ಬಡಿಸ್ದೆ, ಅಷ್ಟೆ.

ಆಯ್ತಾ? ಸ್ವಿಚ್ ಒತ್ತು. ...ಆಹಾ! ಅಲ್ಲಿ ಹಗಲು, ಇಲ್ಲಿ ಅಮಾಸೆ. ಇಂಗೇ ಇರ್ಬೇಕು.

ಏಯ್, ಸ್ಟವ್ ನಾಬ್ ಯಾಕ್ಲಾ ತಿರುಗಿಸ್ತೀಯ? ಈ ಮಬ್ಬಲ್ಲಿ ಪಾತ್ರೆ ತಳ ಕಾಣ್ತದಾ ನೋಡಾಕಾ? ಬ್ಯಾಡ. ಕಾಣ್ತದೆ, ನಾನ್ ಹೇಳ್ತಿಲ್ವಾ... ಮಾದೇಶ, ಹಚ್ಬ್ಯಾಡ...

ಆರಿಸು! ಆರಿಸ್ಲಾ ಮೊದ್ಲು!

...ಬುಡು. ಅವ್ಳ ಕೈಲಿದ್ದ ಬುರುಡೆ ಬಿದ್ದು ಒಡೆದ್ರೆ ಒಡೀಲಿ, ಇನ್ನೊಂದು ತರಾನ. ನಿಮ್ಮಕ್ಕ... ನೀರು ಕುಡಿಯಾಕೆ ಹೋದ್ಳು. ಹಿತ್ಲಿಗೆ. ಓಡ್ನಿಲ್ಲ ಕಣೋ, ನಡ್ಕಂಡೇ ಹೋದ್ಳು. ...ಹೂಂ, ನೀರಿನ ಕೊಡ ಇಲ್ಲೇ ಅದೆ. ನಂಗೂ ಕಾಣ್ತಾ ಅದೆ.

ಟೆಸ್ಟರ್ ಹಿಡ್ಕಂಡು ಅವ್ಳ ಹಿಂದೆ ಹೋಗ್ಬ್ಯಾಡ, ಇಲ್ಲಿ ಕೇಳು. ಬಯ್ಯೋದಾದ್ರೆ ನನ್ನ ಬಯ್ಯಿ.

...ಬ್ಯಾರನ್ ತಾವ ಅವ್ಳ ಸೀರೆಗೆ ಬೆಂಕಿ ಹತ್ತಿತ್ತಲ್ಲ, ಕಾಲು ವಾಸಿ ಆಯ್ತು ಅಂತ ನೀವೆಲ್ಲ ನೋಡ್ಕಂಡು ಹೋದ್ರಲ್ಲ. ಕಾಲೇನೋ ವಾಸಿ ಆಯ್ತು. ಭಯ ವಾಸಿ ಆಗ್ನಿಲ್ಲ ಕಣಪ್ಪ. ಕಡ್ಡಿ ಗೀರಿದ್ರೂ ಎದ್ದು ಆಚೆಗೆ ಓಡ್ತಾಳೆ. ಅವತ್ತಿಂದ ಒಲೆ ನಂದು. ಹಳೇ ಮನೇಲಿ ಅವ್ಳು ಗೋಡೆ ಆಚೆ ಕುಂತ್ಕಂಡು ಹೇಳೋಳು, ಈಗ ಖಾರ ಹಾಕು, ಈಗ ಹುಣಸೆಹಣ್ಣು ಕಿವುಚು ಅಂತ. ನಾನು ಮಾಡೋನು. ಮಗಳು ಒಲೆ ಹಚ್ಚಾಕಾಗ್ದೋಳು ಆದ್ಳು ಅಂತ ಅವ್ವ ಕೊರಗ್ತಾಳೆ, ತವರಿಗೆ ಹೇಳ್ಬ್ಯಾಡ ಅಂತ ನಿಮ್ಮಕ್ಕ ನನ್ನಿಂದ ಮಾತು ತಕ್ಕಂಡಿದ್ಳು. ನಾಳೆ ಮಬ್ಬಲ್ಲಿ ಪಕ್ದಲ್ಲೇ ನಿಂತು ನಾನೇ ಹಚ್ಬುಡಾನ, ಯಾರ್ಗೂ ಗೊತ್ತಾಗಾಕಿಲ್ಲ ಅಂದ್ಕಂಡಿದ್ದೆ.

ಬಲ್ಬ್ ಯಾಕ್ ಬಿಚ್ತೀಯ? ಆ ಟ್ಯೂಬ್ ಯಾಕ್ ಇಲ್ಲಿಗ್ ತತ್ತೀಯ? ಬ್ಯಾಡ ಕಣ್ಲಾ, ಎಲ್ರಿಗೂ ನಾನ್ ಕಾಣ್ತೀನಿ...

ಓ.

...ಹೂಂ. ನೀನ್ ಹೇಳೋದು ದಿಟ, ಮಬ್ಬಲ್ಲಿ ಗ್ಯಾಸಿನ ಉರಿ ಎದ್ದು ಕಾಣ್ತದೆ. ಅವ್ಳು ದಿನಾ ಮೇಜಿನ ತಾವ ಕುಂತ್ರೆ ಅದೇ ಎದುರ್ಗೆ. ಟ್ಯೂಬ್ ಬೆಳಕಲ್ಲಾದ್ರೆ ಉರಿ ಅಷ್ಟಾಗಿ ಗೊತ್ತಾಗಾಕಿಲ್ಲ. ಬರೋ ಜನಕ್ಕೆ ಏನ್ ಕಾಣ್ತದೆ ಅಂತ್ಲೇ ಯೋಚ್ನೆ ಮಾಡ್ದೆ ಕಣೋ. ಅವ್ಳಿಗೇನ್ ಕಾಣ್ತದೆ ಅಂತ ಯೋಚ್ನೆ ಮಾಡ್ನಿಲ್ಲ.

ಹಾಕು. ಇನ್ನೊಂದಿದ್ರೆ ಅದ್ನೂ ಹಾಕು. ನಾಳೆ ಹಾಲು ನಾನೇ ಉಕ್ಕಿಸ್ತೀನಿ, ನಿಮ್ಮವ್ವನಿಗೆ ನೀನೇ ಒಂದ್ ಮಾತು ಹೇಳ್ಬುಡು. ನಾನ್ ಕಂಡ್ರೆ ಕಾಣ್ಲಿ ಬುಡು. ಅವ್ಳಿಗೆ ಬೆಂಕಿ ಕಾಣ್ದಿದ್ರೆ ಆಯ್ತು.